ಕರಗಿದ ಕಬ್ಬಿಣದ ಐವತ್ತು ನಿಮಿಷ

ಎಂಬಿಎ ಎರಡನೇ ವರ್ಷದಲ್ಲಿ ನಾನು ಆರಿಸಿಕೊಂಡ ವಿಷಯದ ಹೆಸರು ‘ಇಂಧನ, ಪರಿಸರ ಮತ್ತು ಸುಸ್ಥಿರತೆ’. ಇದೇನೆಂದು ಮನೆಯಲ್ಲಿ ವಿವರಿಸಿ ವಿವರಿಸಿ ನನಗೆ ಸಾಕಾಗಿ ಹೋಗಿತ್ತು. ಕೊನೆಗೊಂದು ದಿನ ಕಾಕಾನಿಗೆ, “ಕರೆಂಟ್ ಉಳಸೂದು ಹೆಂಗ ಅಂತ ಕಲಸ್ತಾರ” ಎಂದೆ.

“ಅದಕ್ಕ ಎರಡ ವರ್ಷ ಬೇಕೇನ? ಬಟನ್ ಆರಿಸಿದ್ರ ಆತು” ಎಂದರು ಕಾಕಾ.

ಆಗ ಸಿಟ್ಟು ಬಂದಿತ್ತು. ಈಗ ನೆನೆದರೆ ಇನ್ನೂ ಹೆಚ್ಚು ಸಿಟ್ಟು ಬರುತ್ತದೆ. ಎರಡು ವರ್ಷ ಓದಿ ನಾನು ಹೋಗಿ ನಿಂತದ್ದೂ ಒಂದು ಬಟನ್ನಿನ ಮುಂದೆಯೇ.

ನಮ್ಮ ತರಗತಿಯಲ್ಲಿ ಹನ್ನೊಂದು ಜನ. ಕಾಗದ ಉಳಿಸುವ ಬಗೆಗಿನ ನಮ್ಮ ಪ್ರಬಂಧವನ್ನು ಮೊದಲು ಮೇಲ್ ಮಾಡಬೇಕಿತ್ತು. ಆಮೇಲೆ ಅದನ್ನೇ ಮೂರು ಪ್ರತಿ ಪ್ರಿಂಟ್ ತೆಗೆಸಿ, ಸ್ಪೈರಲ್ ಬೈಂಡ್ ಮಾಡಿಸಿ, ಮೇಲೊಂದು ಪ್ಲಾಸ್ಟಿಕ್ ಹಾಳೆ ಹಾಕಿಸಿ ಕೊಡಬೇಕಿತ್ತು. ನಾನು ಹಾಳೆಯ ಎರಡೂ ಬದಿಗೆ ಪ್ರಿಂಟ್ ಮಾಡಿಸಿದ್ದೆ ಎಂದು ವಾಪಸು ಕೊಟ್ಟರು. ಪಾಠದ ಉದಾಹರಣೆಗಳೆಲ್ಲ ಎಲ್ಲಿಯವೋ. ವರ್ಷವಿಡೀ ಯಾವುದೋ ತಂಪು ದೇಶದ ಹಡಗು ಕಂಪನಿಯ ಬಗ್ಗೆ ತಲೆ ಕೆಡಿಸಿಕೊಂಡೆವು. ಬೆಳಗಾವಿಯಲ್ಲೇ ಇಷ್ಟೊಂದು ಫೌಂಡ್ರಿಗಳಿವೆ, ಹಗಲಿಡೀ ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ಯುತ್ತಾರೆ. ಅವುಗಳ ಹೆಸರು ಒಂದು ಸಲವೂ ಬರಲಿಲ್ಲ.

ಕೊನೆಯ ಸೆಮಿಸ್ಟರಿನಲ್ಲಿ ಪ್ರಾಜೆಕ್ಟ್. ಯಾವುದಾದರೂ ಕಾರ್ಖಾನೆಯಲ್ಲಿ ಹದಿನೈದು ದಿನ ಕುಳಿತು, ವಿದ್ಯುತ್ ಎಲ್ಲಿ ಪೋಲಾಗುತ್ತದೆ ಎಂದು ಅಳೆದು ವರದಿ ಬರೆಯಬೇಕು. ಮಾಲೀಕರ ಸಹಿ ಇಲ್ಲದೆ ಡಿಗ್ರಿ ಇಲ್ಲ. ನಾಲ್ಕು ಕಡೆ ಪತ್ರ ಬರೆದೆ, ಒಂದಕ್ಕೂ ಉತ್ತರ ಬರಲಿಲ್ಲ. ಆಗ ಕಾಕಾ ತಾವು ಕೆಲಸ ಮಾಡುವ ಫೌಂಡ್ರಿಯ ಮಾಲೀಕರ ಮುಂದೆ ನಿಂತು, “ನಮ್ಮ ಹುಡಗೀಗಿ ಒಂದ ಖುರ್ಚಿ ಹಾಕಿ ಕೊಡ್ರಿ” ಎಂದು ಕೇಳಿದರು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವರು ತಮಗಾಗಿ ಏನನ್ನೂ ಕೇಳಿದವರಲ್ಲ.

ಕಾಕಾನ ಬಗ್ಗೆ ಹೇಳಬೇಕು. ಅಪ್ಪ ತೀರಿಕೊಂಡ ಮೇಲೆ ನಾನು ಬೆಳೆದದ್ದು ಅವರ ಮನೆಯಲ್ಲೇ, ಖಾನಾಪುರದಿಂದ ಜಾಂಬೋಟಿಗೆ ಹೋಗುವ ರಸ್ತೆಯ ಊರಿನಲ್ಲಿ. ಅಜ್ಜ ಕುರಿ ಮೇಯಿಸುತ್ತಿದ್ದವರು. ತಿಂಗಳ ಪಗಾರ ಎಂಬುದನ್ನು ನಮ್ಮ ಮನೆಗೆ ತಂದವರು ಕಾಕಾ. ಮರಳಿನ ಅಚ್ಚು ಮಾಡುವುದು, ಕರಗಿದ ಕಬ್ಬಿಣವನ್ನು ಅದಕ್ಕೆ ಹೊಯ್ಯುವುದು ಅವರ ಕೆಲಸ. ಅವರೂ ಸೇರಿ ನಮ್ಮೂರಿನ ಎಂಟು ಜನ ಅಲ್ಲಿ ಅದೇ ಕೆಲಸದಲ್ಲಿದ್ದರು. ಊರಿನ ಮೊದಲ ಬಸ್ಸು ಏಳಕ್ಕೆ. ಅದರಲ್ಲಿ ಖಾನಾಪುರಕ್ಕೆ ಬಂದು, ಪ್ಯಾಸೆಂಜರ್ ರೈಲು ಹಿಡಿದು, ದೇಸೂರ ದಾಟಿ ಬೆಳಗಾವಿಗೆ ಬಂದು ಫೌಂಡ್ರಿ ಮುಟ್ಟುವಾಗ ಒಂಬತ್ತಾಗುತ್ತಿತ್ತು. ನಾನು ಬೆಳಗಾವಿಯ ಹಾಸ್ಟೆಲ್ಲಿನಲ್ಲಿದ್ದೆ.

ಮೊದಲ ದಿನವೇ ನನಗೆ ನಿಧಿ ಸಿಕ್ಕಂತಾಯಿತು. ಮಾಲೀಕರು ಬೆಳಗಿನ ವಾಕಿಂಗ್ ಮುಗಿಸಿ, ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಸರಿಯಾಗಿ ಏಳಕ್ಕೆ ಬಂದರು. ವಿದ್ಯುತ್ ಭಟ್ಟಿಯ ಪ್ಯಾನಲ್ಲಿಗೆ ಊದಿನಕಡ್ಡಿ ಬೆಳಗಿ ತಮ್ಮ ಕೈಯಾರೆ ಬಟನ್ ಒತ್ತಿದರು, ನಾಷ್ಟಾಕ್ಕೆ ಮನೆಗೆ ಹೋದರು. ಎಂಟೂ ಹತ್ತಕ್ಕೆಲ್ಲ ಕಬ್ಬಿಣ ಕರಗಿ ತಯಾರಾಯಿತು. ಹೊಯ್ಯುವವರು ಮಾತ್ರ ಇನ್ನೂ ರೈಲಿನಲ್ಲಿದ್ದರು! ಕರಗಿದ್ದು ಗಟ್ಟಿಯಾಗದಂತೆ ಭಟ್ಟಿ ಸುಮ್ಮನೆ ಐವತ್ತು ನಿಮಿಷ ಕರೆಂಟು ತಿನ್ನುತ್ತಾ ಕುಳಿತಿತ್ತು. ಎರಡನೇ ದಿನವೂ ಅದೇ. ಬಟನ್ನನ್ನು ಎಂಟಕ್ಕೆ ಒತ್ತಿದರೆ ಮುಗಿಯಿತು. ನನ್ನ ವರದಿ ಎರಡೇ ದಿನಕ್ಕೆ ತಯಾರಾಗಿತ್ತು.

ಆ ಖುಷಿಯಲ್ಲಿ ಚಹಾದ ಹೊತ್ತಿಗೆ ಬಾಯಿ ಬಿಟ್ಟೆ. “ಕಾಕಾ, ನೀವು ಬರೂತನಕಾ ಕಬ್ಬಿಣ ಕಾಯ್ತೈತಿ. ಇಲ್ಲಿ ಎಲ್ಲಾಕಿಂತ ದೊಡ್ಡ ಲುಕ್ಸಾನು ಇದ ನೋಡ್ರಿ.” ಕಾಕಾ ಬಸಿಯಲ್ಲಿದ್ದ ಚಹಾ ಮುಗಿಸಿ, “ಹೌದಾ” ಎಂದರು. ಬಟನ್ನಿನ ವಿಷಯ ಹೇಳುವಷ್ಟರಲ್ಲಿ ಯಾರೋ ಕರೆದರು, ಎದ್ದು ಹೋದರು.

ಮೂರನೇ ದಿನ ಏಳೂಮುಕ್ಕಾಲಿಗೇ ಎಂಟೂ ಜನ ಭಟ್ಟಿಯ ಮುಂದೆ ನಿಂತಿದ್ದರು. ಕಬ್ಬಿಣ ಕರಗಿತು, ಹೊಯ್ದರು. ನಾಲ್ಕನೇ ದಿನ, ಐದನೇ ದಿನ, ಹೀಗೇ ಹದಿಮೂರು ದಿನ. ನನ್ನ ಕೋಷ್ಟಕದ ತುಂಬ ಸೊನ್ನೆ. ಸಿಕ್ಕ ನಿಧಿ ಕಣ್ಣೆದುರೇ ಮಾಯವಾಯಿತು. ಸಿಡುಕಿಕೊಂಡೇ ಕಾಕಾನನ್ನು ಕೇಳಿದೆ, ಇಷ್ಟು ಬೇಗ ಹೇಗೆ ಬರುತ್ತಿದ್ದೀರಿ ಎಂದು.

“ಈಗ ಬಸ್ ಲಗೂ ಸಿಗಾಕತ್ತೈತಿ” ಎಂದರು.

ನಮ್ಮೂರಿಗೆ ಏಳಕ್ಕಿಂತ ಮೊದಲು ಬಸ್ಸಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲವೇ? ಅದೇ ಬಸ್ಸಿನಲ್ಲಿ ಐದು ವರ್ಷ ಕಾಲೇಜಿಗೆ ಹೋದವಳು ನಾನು. ನಂಬಿದೆ ಎಂದರೆ ಸುಳ್ಳಾಗುತ್ತದೆ. ಕೇಳುವುದನ್ನು ಬಿಟ್ಟೆ, ಅಷ್ಟೆ. ಕೇಳಿದರೆ ಕೆಲಸ ಹೆಚ್ಚಾಗುತ್ತಿತ್ತು.

ಮಾರ್ಗದರ್ಶಕರಾದ ಸರ್ ಕೋಷ್ಟಕವನ್ನು ನೋಡಿ ಹುಬ್ಬು ಗಂಟಿಕ್ಕಿದರು. “ಹದಿಮೂರ ದಿನಾ ಒಂದ ಹೇಳ್ತಾವ, ಎರಡ ದಿನಾ ಬ್ಯಾರೇನ ಹೇಳ್ತಾವ. ಆ ಎರಡ ದಿನ ತಗದ ಬಿಡವಾ.”

“ಸರ್, ಖರೇ ಅಂದ್ರ ಆ ಎರಡ ದಿನದ್ದ ಸರಿ ಇರಬಹುದ್ರೀ.”

“ಹಂಗಾರ ಮತ್ತ ಹದಿನೈದ ದಿನಾ ಹೋಗಿ ಕುಂದರು. ಸಬ್ಮಿಷನ್ ಬರೂ ಸೋಮವಾರ ಅದ.”

ಆ ಎರಡು ಸಾಲು ಅಳಿಸಿದೆ. ಗಾಳಿ ಸೋರುವ ಪೈಪು, ಹಗಲಲ್ಲೂ ಉರಿಯುವ ದೀಪ, ಇಂಥವುಗಳ ಮೇಲೆ ನಲವತ್ತು ಪುಟ ತುಂಬಿಸಿದೆ. ನಡುವೆ ಒಂದು ಬಣ್ಣದ ನಕ್ಷೆ ಹಾಕಿ, ‘ಕಾರ್ಮಿಕರ ಆಗಮನ ಮತ್ತು ಭಟ್ಟಿಯ ಸಿದ್ಧತೆ: ಉತ್ತಮ ಹೊಂದಾಣಿಕೆ’ ಎಂದು ತಲೆಬರಹ ಕೊಟ್ಟೆ. ಮಾಲೀಕರು ಖುಷಿಯಿಂದ ಸಹಿ ಹಾಕಿ, ತಮಗೂ ಒಂದು ಪ್ರತಿ ಇಟ್ಟುಕೊಂಡರು. ನನಗೆ ತರಗತಿಯಲ್ಲೇ ಹೆಚ್ಚು ಅಂಕ ಬಂತು.

ಫಲಿತಾಂಶ ಬಂದ ಮೇಲಿನ ಭಾನುವಾರ ಕುಂದಾ ಕಟ್ಟಿಸಿಕೊಂಡು ಊರಿಗೆ ಹೋದೆ. ಜುಲೈ ತಿಂಗಳು, ನಮ್ಮ ಕಡೆ ಮಳೆ ಹಿಡಿದರೆ ಬಿಡುವುದಿಲ್ಲ. ಸಂಜೆ ಏಳು ಹೊಡೆದಿರಲಿಲ್ಲ, ಕಾಕಾ ಆಗಲೇ ಊಟ ಮುಗಿಸಿ ಹಾಸಿಗೆ ಹಾಸುತ್ತಿದ್ದರು. ಮೈಯಲ್ಲಿ ಹುಷಾರಿಲ್ಲವೇ ಎಂದು ಕಾಕಿಯನ್ನು ಕೇಳಿದೆ.

“ನಾಕಕ್ಕ ಏಳಬೇಕಲ್ಲವಾ” ಎಂದರು ಕಾಕಿ.

“ನಾಕಕ್ಕ ಯಾಕ?”

“ಐದಕ್ಕ ಬಿಟ್ರ ಖಾನಾಪುರ ಸ್ಟ್ಯಾಂಡಿಗೆ ಆರಕ್ಕ ಮುಟ್ತಾರ. ಅಲ್ಲಿಂದ ಬಸ್ಸು. ನಿನ್ನ ಪರೀಕ್ಷಾದಾಗಿಂದ ಹಂಗ ನಡದೈತಿ.”

ಕತ್ತಲಲ್ಲಿ, ಮಳೆಯಲ್ಲಿ, ಕರಡಿ ಅಡ್ಡ ಬರುವ ರಸ್ತೆಯಲ್ಲಿ ಎಂಟು ಜನ ಒಂದು ತಾಸು ನಡೆಯುತ್ತಿದ್ದರು. ಕಾಕಾನಿಗೆ ಐವತ್ತೆರಡು ವಯಸ್ಸು, ಬಲಗಾಲಿನ ಮಂಡಿ ಮಡಚಲು ಬರುವುದಿಲ್ಲ. ನಾನು ಹೋಗಿ ಹಾಸಿಗೆಯ ಬದಿಗೇ ನಿಂತು ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ. ದನಿ ಏರಿತ್ತು.

“ನಮ್ಮಿಂದ ಲುಕ್ಸಾನು ಅಂತ ನೀ ಬರದ್ರ ನಿನಗ ಮಾರ್ಕ್ಸ್ ಯಾರ ಕೊಡ್ತಾರ?” ಎಂದರು ಕಾಕಾ. “ಎಲ್ಲಾರೂ ಮಾತಾಡಿದ್ವಿ. ಹದಿನೈದ ದಿನದ ಮಾತು, ನಡೀರಿ ಅಂದ್ವಿ.”

“ಲುಕ್ಸಾನು ಸಿಕ್ರನ ಮಾರ್ಕ್ಸ್, ಕಾಕಾ! ಅದನ್ನ ಹುಡುಕಾಕನ ನಾ ಬಂದಿದ್ದೆ.”

ಕಾಕಾ ಹಾಸಿಗೆಯ ಮೇಲೆ ಕುಳಿತು, “ಅಂದ್ರ ನಾವು ತಡಾ ಮಾಡಿ ಬರಬೇಕಿತ್ತೇನ?” ಎಂದರು. ಹಣೆ ಚಚ್ಚಿಕೊಳ್ಳಬೇಕೆನಿಸಿತು. ಹದಿನೈದು ದಿನ ಮುಗಿದು ಎಷ್ಟೋ ಕಾಲವಾಯಿತು, ಈಗ ಯಾಕೆ ನಡೆಯುತ್ತೀರಿ ಎಂದು ಕೇಳಿದೆ. ಗೇಟಿನ ಬಳಿ ನೋಟಿಸ್ ಹಚ್ಚಿದ್ದಾರೆ, ಎಲ್ಲರೂ ಏಳೂಮುಕ್ಕಾಲಿಗೆ ಹಾಜರಿರಬೇಕು ಎಂದರು. ನೋಟಿಸಿನ ಬಾಜೂಕೆ ನನ್ನ ಬಣ್ಣದ ನಕ್ಷೆಯನ್ನೂ ಅಂಟಿಸಿದ್ದರಂತೆ. ಅದನ್ನು ಹೇಳುವಾಗ ಕಾಕಾನ ಮುಖದಲ್ಲಿ ಹೆಮ್ಮೆಯಿತ್ತು. ಅದನ್ನು ನಾನು ಸಹಿಸದಾದೆ.

ಮರುದಿನ ನೇರವಾಗಿ ಮಾಲೀಕರ ಕೋಣೆಗೆ ಹೋದೆ. ನನ್ನ ವರದಿ ಸುಳ್ಳು, ಎರಡು ದಿನದ ಲೆಕ್ಕ ಮುಚ್ಚಿಟ್ಟಿದ್ದೇನೆ, ಬೇಕಾದರೆ ಕಾಲೇಜಿಗೂ ಬರೆದು ಕೊಡುತ್ತೇನೆ ಎಂದೆ. ಡಿಗ್ರಿ ಹೋದರೆ ಹೋಗಲಿ ಎಂದು ಗಟ್ಟಿ ಮನಸ್ಸು ಮಾಡಿಕೊಂಡೇ ಹೋಗಿದ್ದೆ. ಅವರು ನನ್ನನ್ನು ಕೂರಿಸಿ, ಚಹಾ ತರಿಸಿ, ನಿಧಾನವಾಗಿ ಕೇಳಿದರು.

“ಸುಳ್ಳ ಹೆಂಗಾತು, ತಂಗಿ? ಹದಿಮೂರ ದಿನಾ ಬಂದಾರೋ ಇಲ್ಲೋ?”

“ಬಂದಾರ್ರೀ. ಆದ್ರ ಕತ್ತಲ್ಯಾಗ ನಡಕೋತ ಬಂದಾರ.”

“ನಾನೂ ದಿನಾ ಮುಂಜಾನೆ ನಡೀತೀನಿ. ಆರೋಗ್ಯಕ್ಕ ಛಲೋ. ಬರಾಕ ಆಗ್ತೈತಿ ಅನ್ನೂದು ಗೊತ್ತಾತಲ್ಲ? ಇಪ್ಪತ್ತ ವರ್ಷ ನನಗ ಯಾರೂ ತೋರಿಸಿರಲಿಲ್ಲ, ನೀ ತೋರಿಸಿದಿ.”

“ನೀವು ಬಟನ್ ಎಂಟಕ್ಕ ಒತ್ರಿ ಸಾಹುಕಾರ್ರ. ಅಷ್ಟ ಮಾಡ್ರಿ ಸಾಕು.”

ಅವರು ನಕ್ಕರು. ಸಿಟ್ಟಾಗಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. “ನಮ್ಮಪ್ಪಾರ ಕಾಲದಿಂದ ಏಳಕ್ಕ ಒತ್ತೂದು ಪದ್ಧತಿ ಐತವಾ” ಎಂದು ಎದ್ದು ನಿಂತರು. ಮಾತು ಮುಗಿಯಿತು.

ಸಂಜೆ ಮತ್ತೆ ಊರಿಗೇ ಹೋದೆ. ಎಂಟೂ ಜನ ಒಟ್ಟಾಗಿ ಒಂದು ವಾರ ರೈಲಿಗೇ ಹೋಗಿ, ಮಾಲೀಕರು ಏನು ಮಾಡುತ್ತಾರೆ ನೋಡೋಣ ಎಂದು ಕಾಕಾನಿಗೆ ಹೇಳಿದೆ. ಜಗಳವಾಡಿದೆ ಎನ್ನುವುದೇ ಸರಿ.

“ಆ ಕಾಗದದ ಮ್ಯಾಲೆ ನಿನ್ನ ಹೆಸರ ಐತಿ” ಎಂದರು ಕಾಕಾ. “ನಾವ ಅದನ್ನ ಸುಳ್ಳ ಮಾಡೂದೇನ?”

ಆ ರಾತ್ರಿ ನಿದ್ದೆ ಬರಲಿಲ್ಲ. ನಾಲ್ಕಕ್ಕೆ ಅಡುಗೆಮನೆಯಲ್ಲಿ ದೀಪ ಹತ್ತಿತು, ಕಾಕಿ ರೊಟ್ಟಿ ಬಡಿಯುವ ಸದ್ದು ಕೇಳಿತು. ಕಾಕಾ ಹೊರಡುವಾಗ ಚಪ್ಪಲಿಯ ಸದ್ದಾಯಿತು.

“ಸಾವಕಾಶ ಹೋಗ್ರಿ” ಎಂದರು ಕಾಕಿ, ಪಿಸುದನಿಯಲ್ಲಿ. “ಹುಡುಗಿ ಮಲಗೈತಿ. ಓದಿ ಓದಿ ದಣದೈತಿ.”

ಕಾಕಾ ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಅಂಗಳ ದಾಟಿದರು. ನಾನು ಕಣ್ಣು ಮುಚ್ಚಿಕೊಂಡು ಮಲಗಿಯೇ ಇದ್ದೆ.