ಗಡಿಗೆಪ್ಪನ ಕಾಲಿಗೊಂದು ಬಿಸಿ ಪೆಟ್ಟಿಗೆ

ಬೇಸಿಗೆಯಲ್ಲಿ ಬಂಡೆ ಮುಟ್ಟಿದರೆ ಅಂಗೈ ಸುಡುವ ಮಾನ್ವಿಯಲ್ಲಿ, ಲಾರಿಯೊಳಗೆ ಬಿಸಿಗಾಳಿ ಊದುವ ಯಂತ್ರ ಕೂಡಿಸಿದವನು ನಾನೊಬ್ಬನೇ ಇರಬೇಕು. ಕೂಡಿಸು, ಕೂಡಿಸು ಎಂದು ನನ್ನ ಜೀವ ತಿಂದವನು ಗಡಿಗೆಪ್ಪ. ಅವನ ಸುದ್ದಿ ಹೇಳಲು ಕೂತರೆ ನನಗೆ ಮೊದಲು ಬರುವುದು ಸಿಟ್ಟು. ಉಳಿದದ್ದೆಲ್ಲ ಆಮೇಲೆ.

ಗಡಿಗೆಪ್ಪ ದೇವದುರ್ಗದ ಕಡೆಯ ಮಸರಕಲ್ಲಿನವನು. ಹೊಲವಿಲ್ಲ, ಎತ್ತಿಲ್ಲ. ಎರಡನೆಯ ಮಹಾಯುದ್ಧದ ಕಾಲಕ್ಕೆ ಸೈನ್ಯ ಸೇರಿ ಲಾರಿ ಓಡಿಸುವುದನ್ನು ಕಲಿತ. ಇರಾನಿನ ಗುಡ್ಡಗಳನ್ನು ಹತ್ತಿಳಿದು ರಷ್ಯಾದವರಿಗೆ ಸಾಮಾನು ಮುಟ್ಟಿಸುವ ಕೆಲಸಕ್ಕೆ ಹಾಕಿದರು. ಅಲ್ಲಿ ಒಂದು ಚಳಿಗಾಲ ಲಾರಿ ಹಿಮದಲ್ಲಿ ಹೂತು, ಇವನ ಕಾಲುಗಳೂ ಹಿಮಕ್ಕೆ ಸಿಕ್ಕವು. ಬೆರಳು ಉದುರಲಿಲ್ಲ. ಆದರೆ ಅವತ್ತಿನಿಂದ ತುಸು ತಂಪು ತಗುಲಿದರೂ ಪಾದಗಳು ಕೊರಡಿನಂತಾಗುತ್ತಿದ್ದವು. ನೆಲ ಮೆಟ್ಟಿದ್ದೂ ತಿಳಿಯುತ್ತಿರಲಿಲ್ಲ. ದಪ್ಪನೆಯ ಮಿಲಿಟರಿ ಬೂಟು ಹಾಕಿಕೊಂಡರೆ ಚಿಂತೆಯಿರಲಿಲ್ಲ. ಬೂಟು ಇತ್ತು, ಹಾಕಿಕೊಳ್ಳುವಂತಿರಲಿಲ್ಲ.

ಅದಕ್ಕೆ ಕಾರಣ ಹಂಪಣ್ಣ ಸಾಹುಕಾರರು. ಮಾನ್ವಿಯಲ್ಲಿ ಅವರದೊಂದು ಅಕ್ಕಿ ಗಿರಣಿ. ಅದರ ಎಂಜಿನ್ ನನ್ನ ಕೈಯಲ್ಲಿತ್ತು. ಆ ವಿದ್ಯೆಯನ್ನು ನಾನು ಯಾರ ಕಾಲು ಒತ್ತಿಯೂ ಕಲಿತವನಲ್ಲ. ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು ಕಲಿತವನು. ರಜಾಕಾರರ ಗದ್ದಲ ಅಡಗಿ ದಾರಿಗಳು ಮತ್ತೆ ತೆರೆದ ೧೯೪೮ರ ಕೊನೆಗೆ ಸಾಹುಕಾರರು ಸಿಕಂದರಾಬಾದಿನಿಂದ ಒಂದು ಹಳೆಯ ಮಿಲಿಟರಿ ಲಾರಿ ತರಿಸಿ, ಗಡಿಗೆಪ್ಪನನ್ನು ಡ್ರೈವರನನ್ನಾಗಿ ಇಟ್ಟುಕೊಂಡರು. ಲಾರಿ ಬಂದ ದಿನವೇ ಅದರ ಮೂತಿಗೆ ವಿಭೂತಿ ಬಳಿದು, ಒಳಗೆ ಡ್ರೈವರನ ಮುಂದಿನ ತಗಡಿನ ನಟ್ಟನಡುವೆ ಬಸವಣ್ಣನ ಪಟ ಕೂಡಿಸಿದರು. ಗಿರಣಿಯ ಎಂಜಿನ್ ಮನೆಗೆ ಇದ್ದ ಕಟ್ಟಳೆಯೇ ಲಾರಿಗೂ ಬಂತು: ಮೆಟ್ಟು ಹೊರಗೆ ಬಿಟ್ಟು ಹತ್ತಬೇಕು.

ಬಾಗಿಲೆಂದರೆ ಹರಿದ ಕ್ಯಾನ್ವಾಸು. ಡಿಸೆಂಬರಿನ ನಸುಕಿನ ಗಾಳಿ ನೇರ ಒಳಗೆ. ಕೆಳಗೆ ಕಬ್ಬಿಣದ ಪೆಡಲು, ಮೇಲೆ ಬರಿಗಾಲು. ಗಡಿಗೆಪ್ಪ ಕಾಲಿಗೆ ಗೋಣಿ ಸುತ್ತಿ ನೋಡಿದ, ಪೆಡಲಿನ ಮೇಲೆ ಜಾರಿತು. ಕಂಬಳಿ ಸುತ್ತಿದ, ಅದೂ ಜಾರಿತು.

ಒಂದು ಮುಂಜಾನೆ ಪೇಟೆಯಲ್ಲಿ ಲಾರಿ ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ. ಗಡಿಗೆ ಮಾರುವ ಗೋಪಮ್ಮನ ಸಾಲಿನ ಮೇಲೆ ಹೋಯಿತು. ಪುಣ್ಯಕ್ಕೆ ಆಕೆ ಆ ಹೊತ್ತಿಗೆ ಎದ್ದು ಬೆಂಕಿ ಕಾಯಿಸಿಕೊಳ್ಳಲು ಹೋಗಿದ್ದಳು.

“ಗಡಿಗೆಪ್ಪ ಅಂತ ಹೆಸರಿಟ್ಕೊಂಡು ಗಡಗಿ ಮ್ಯಾಲೇ ಹಾಯಿಸ್ತಿಯಲ್ಲೋ ಮೂಳಾ” ಎಂದು ಆಕೆ ಊರು ಕೇಳುವಂತೆ ಬೈದಳು. ಬ್ರೇಕೇ ಹಿಡಿಯಲಿಲ್ಲ ಎಂದ ಗಡಿಗೆಪ್ಪ. ಸಾಹುಕಾರರು ನನ್ನನ್ನು ಕರೆಸಿದರು. ಲಾರಿಯ ಕೆಳಗೆ ಮಲಗಿ, ಮೈಯೆಲ್ಲ ಗ್ರೀಸು ಮಾಡಿಕೊಂಡು ನೋಡಿದೆ. ಬ್ರೇಕ್ ಹೊಸ ಮದುಮಗನಂತೆ ಗಟ್ಟಿಯಾಗಿತ್ತು.

ಅವನನ್ನು ಮರೆಗೆ ಕರೆದು ಕೇಳಿದೆ: “ಬ್ರೇಕ್ ಬರೋಬ್ಬರಿ ಅದ. ನಿನಗೇನಾಗ್ಯಾದ ಹೇಳು.”

“ತುಳದೆ ಅನ್ಕೊಂಡೆ ಅಣ್ಣಾ. ತುಳದಿದ್ದಿಲ್ಲ.”

ಆಗ ಇರಾನಿನ ಕಥೆ ಹೊರಬಿತ್ತು.

“ಹಂಗಾರ ಸಾವ್ಕಾರ್ರಿಗೆ ಹೇಳು. ಬೂಟು ಹಾಕ್ಕೋತೀನಿ ಅನ್ನು.”

“ಹೇಳಿದ್ರ ಬೂಟಿಗೆ ಹೂಂ ಅನ್ನಂಗಿಲ್ಲ, ಬ್ಯಾರೆ ಡ್ರೈವರ್ನ ತರ್ತಾರ. ಕಾಲು ಸತ್ತಾಂವ ಅಂತ ಹೆಸರು ಬಿದ್ರ ರಾಯಚೂರಾಗೂ ನನಗ್ಯಾರು ಲಾರಿ ಕೊಡ್ತಾರ? ಹೆಂಡ್ತಿ ಬಂಡೆಮ್ಮನ್ನ ಕಟ್ಕೊಂಡು ಕಲ್ಲು ಒಡಿಯಾಕ ಹೋಗ್ಲೇನು?”

“ನಾಳೆ ಗಡಗಿ ಬದಲು ಗೋಪಮ್ಮ ಕುಂತಿದ್ರ?”

ಅವನ ಕೈಲಿ ಬಿಸಿಲು ಏರುವ ತನಕ ಲಾರಿ ಹೊರಡಿಸಕೂಡದು ಎಂದು ಆಣೆ ಹಾಕಿಸಿದೆ. ಆದರೆ ಸಾಹುಕಾರರಿಗೆ ಏನು ಹೇಳುವುದು? ದಿನಾ ಬೆಳಿಗ್ಗೆ ನಾನೇ ಹೋಗಿ, ಎಂಜಿನ್ ಚಾಲೂ ಆಗುತ್ತಿಲ್ಲ, ತಡವಾಗುತ್ತದೆ ಎನ್ನಬೇಕಾಯಿತು. ಮೂರು ತಾಲೂಕಿನಲ್ಲಿ ನನ್ನ ಕೈ ಬಿದ್ದ ಎಂಜಿನ್ ಕೂಗದೆ ಇದ್ದದ್ದಿಲ್ಲ. ಅಂಥವನು ಇವನ ಕಾಲಿಗಾಗಿ, ಚೆನ್ನಾಗಿರುವ ಎಂಜಿನ್ನಿಗೆ ರೋಗ ಹೇಳಿಕೊಂಡು ನಿಂತೆ. ಮಿಸ್ತ್ರಿಗೆ ವಯಸ್ಸಾಯಿತು ಎಂದು ಹಮಾಲರು ನಕ್ಕರು.

ಅಷ್ಟರಲ್ಲಿ ಗಡಿಗೆಪ್ಪ ಲಾರಿಯ ಹಿಂದೆ ತಾಡಪತ್ರಿಯ ಕೆಳಗೆ ಬಿದ್ದಿದ್ದ ಒಂದು ಕಬ್ಬಿಣದ ಪೆಟ್ಟಿಗೆಯನ್ನು ಹೊತ್ತು ತಂದ. ಸಿಕಂದರಾಬಾದಿನಿಂದ ಲಾರಿಯ ಜೊತೆಗೇ ಬಂದದ್ದು. ಒಳಗೆ ಸಣ್ಣ ಕೊಳವೆಗಳ ಜಾಲ, ಹಿಂದೊಂದು ಪುಟ್ಟ ಫ್ಯಾನು.

“ಇದು ಹೀಟರ್ ಅಣ್ಣಾ. ಇರಾನಿನ್ಯಾಗ ನಮ್ಮ ಸಾಹೇಬನ ಗಾಡ್ಯಾಗಿತ್ತು. ಎಂಜಿನ್ನಿನ ಕಾದ ನೀರು ಇದರಾಗ ಹಾದು ಹೋಗ್ತದ, ಫ್ಯಾನು ಕಾಲಿಗೆ ಬಿಸಿಗಾಳಿ ಹೊಡೀತದ. ಇದನ್ನ ಹಚ್ಚಿಕೊಡು.”

“ಸಾವ್ಕಾರ್ರು ಏನಿದು ಅಂದ್ರ?”

“ಹೇಳೀನಿ. ನೀರು ತಂಪು ಮಾಡೋ ಪೆಟಗಿ, ಎಂಜಿನ್ ಕುದಿಯಂಗಿಲ್ಲ ಅಂದೆ. ಲಗೂನ ಹಚ್ಚಸು ಅಂದ್ರು.”

ಅದು ಪೂರ್ತಿ ಸುಳ್ಳೂ ಅಲ್ಲ. ನೀರಿನ ಕಾವು ಹೊರಗೆ ಹೋದರೆ ಎಂಜಿನ್ ತಣಿಯಲೇಬೇಕು. ಹೋಗುವ ಜಾಗ ಮಾತ್ರ ಬೇರೆ.

ರಬ್ಬರ್ ನಳಕ್ಕಾಗಿ ರಾಯಚೂರಿಗೆ ಹೋದೆ. ಸ್ಟೇಶನ್ನಿನ ಹತ್ತಿರ ಹಳೆಯ ಗಾಡಿಗಳ ಸಾಮಾನು ಮಾರುವ ಅಸ್ಮತ್ ನನ್ನ ಮಾತು ಕೇಳಿ ಬಾಯಲ್ಲಿದ್ದ ಎಲೆ ಉಗುಳಿಬಂದು ಮತ್ತೊಮ್ಮೆ ಹೇಳಿಸಿದ.

“ಹೀಟರ್? ಲಾರಿಗೆ? ಅರೆ ಮಿಸ್ತ್ರಿ, ರಾಯಚೂರು ಮಂದಿ ತಂಪಾಗಿ ಕುಂದ್ರಾಕ ನೆಳ್ಳು ಹುಡಿಕ್ಯಾಡ್ತಾರ. ನೀ ಕುಂತಲ್ಲೇ ಬೆಂಕಿ ಹಾಕಾಕ ಹೊಂಟಿ.”

“ನಳ ಅದನೋ ಇಲ್ಲೋ?”

“ಅದ. ಹಂಗ ಎರಡು ರಗ್ಗು ಬೇಕೇನು ಲಾರಿಗೆ ಹೊಚ್ಚಾಕ?”

ನಳ ತಂದೆ. ಪೆಟ್ಟಿಗೆಗೆ ಸರಿಯಾದ ಜಾಗವೆಂದರೆ ತಗಡಿನ ನಟ್ಟನಡುವೆ. ಅಲ್ಲಿ ಬಸವಣ್ಣ ಇದ್ದಾನೆ. ಪಟದ ಬುಡಕ್ಕೆ ತೂತು ಹೊಡೆದರೆ ಕೈ ಕತ್ತರಿಸುತ್ತೇನೆ ಎಂದರು ಸಾಹುಕಾರರು. ಉಳಿದದ್ದು ಎಡಗಡೆ, ಅಂದರೆ ಅವರೇ ಕೂರುವ ಜಾಗ. ಅಲ್ಲಿ ಕೂಡಿಸಿದರೆ ಬಿಸಿಗಾಳಿ ಅವರ ಕಾಲಿಗೆ ಹೋಗುತ್ತದೆ, ಇವನ ಕಾಲಿಗಲ್ಲ. ಸೀಮೆಎಣ್ಣೆ ಡಬ್ಬಿ ಸೀಳಿ, ಸುತ್ತಿ, ಒಂದು ಉದ್ದನೆಯ ತಗಡಿನ ಕೊಳವೆ ಮಾಡಿದೆ. ಪೆಟ್ಟಿಗೆಯ ಬಾಯಿಂದ ಹೊರಟು, ಬಸವಣ್ಣನ ಕೆಳಗೆ ಹಾದು, ಗಡಿಗೆಪ್ಪನ ಪೆಡಲಿನ ಹತ್ತಿರ ತೆರೆದುಕೊಳ್ಳುವಂತೆ. ನೋಡಿದರೆ ಆನೆಯ ಸೊಂಡಿಲು.

ಮೊದಲ ಸಲ ನಡೆಸಿದಾಗ ನಳ ಕಿತ್ತು ಕುದಿಯುವ ನೀರು ನನ್ನ ಮೊಣಕೈಗೆ ಹೊಡೆಯಿತು. ಎರಡನೆಯ ಸಲ ಫ್ಯಾನು ತಿರುಗದೆ ಜೀರುಂಡೆಯಂತೆ ಕಿರುಗುಟ್ಟಿತು. ಗಡಿಗೆಪ್ಪ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, “ಇರಾನಿನ್ಯಾಗ ಸರಳ ನಡೀತಿತ್ತಲ್ಲ” ಎನ್ನುತ್ತಿದ್ದ.

“ಹಂಗಾರ ಇರಾನಿಗೆ ಹೋಗಿ ಹಚ್ಚಿಸ್ಕೊಂಡು ಬಾ” ಎಂದೆ.

ಕೊನೆಗೊಂದು ನಸುಕಿನಲ್ಲಿ ನಡೆಯಿತು. ಅವನು ಪೆಡಲಿನ ಮೇಲೆ ಕಾಲಿಟ್ಟು ಸುಮ್ಮನೆ ಕೂತ. ಸ್ವಲ್ಪ ಹೊತ್ತಿಗೆ ಬೆರಳುಗಳನ್ನು ಒಂದೊಂದಾಗಿ ಆಡಿಸಿ, ಮಗುವಿನ ಕಾಲು ನೋಡುವಂತೆ ಬಗ್ಗಿ ನೋಡಿಕೊಂಡ. “ಬಂತು” ಎಂದ. ಆ ಒಂದು ಮಾತಿಗೆ ನನ್ನ ಸುಟ್ಟ ಮೊಣಕೈ ಮರೆತದ್ದು ನಿಜ. ಅಂದಿನಿಂದ, ಎಂಜಿನ್ ಕಾದು ಕಾಲಿಗೆ ಜೀವ ಬರುವ ತನಕ ಲಾರಿ ಅಲುಗಿಸುತ್ತಿರಲಿಲ್ಲ. ಆ ಚಳಿಗಾಲ ಲಾರಿ ನಿಲ್ಲಬೇಕಾದಲ್ಲೆಲ್ಲ ನಿಂತಿತು. ಗೋಪಮ್ಮ ಮಾತ್ರ ತನ್ನ ಗಡಿಗೆಗಳನ್ನು ರಸ್ತೆಯ ಆಚೆ ಬದಿಗೆ ಒಯ್ದಳು.

ಬೇಸಿಗೆ ಬಂತು. ಪೆಟ್ಟಿಗೆಗೆ ಹೋಗುವ ಬಿಸಿನೀರಿನ ನಲ್ಲಿ ಮುಚ್ಚಿ, ಇನ್ನು ಮುಟ್ಟಬೇಡ ಎಂದು ಹೇಳಿದ್ದೆ. ದೇವದುರ್ಗದಿಂದ ಭತ್ತ ಹೇರಿಕೊಂಡು ಬರುತ್ತಿದ್ದೆವು. ಎಡಕ್ಕೆ ಸಾಹುಕಾರರು, ನಡುವೆ ನಾನು. ಹಿರೇಕೊಟ್ನೆಕಲ್ಲಿನ ಹತ್ತಿರದ ಏರಿನಲ್ಲಿ ಎಂಜಿನ್ನಿನ ಮೂತಿಯಿಂದ ಹಬೆಯಾಡಿತು.

“ತಂಪು ಪೆಟಗಿ ಯಾಕ ಬಂದ್ ಇಟ್ಟೀರಿ?” ಎಂದರು ಸಾಹುಕಾರರು.

ಗಡಿಗೆಪ್ಪ ನನ್ನ ಮುಖ ನೋಡಿದ, ನಾನು ಬಸವಣ್ಣನ ಮುಖ ನೋಡಿದೆ.

“ಬಿಡ್ರಿ ಸಾವ್ಕಾರ್ರ, ಹಂಗೇ ಏರ್ತದ” ಎಂದ ಅವನು.

“ತಗೀ ಅಂದ್ರ ತಗೀ. ಅದಕ್ಕ ಹಚ್ಚಿಸೇವಲ್ಲ.”

ಗಡಿಗೆಪ್ಪ ಲಾರಿ ನಿಲ್ಲಿಸಿದ, ನಾನು ಇಳಿದು ನಲ್ಲಿ ತಿರುವಿ ಬಂದೆ. ಎಂಜಿನ್ನಿನ ಸದ್ದು ಹಗುರಾಯಿತು. ಒಳಗೆ ಮಾತ್ರ ಭಟ್ಟಿ ಹೊತ್ತಿದಂತಾಯಿತು. ಸೆಕೆಗೆ ಸಾಹುಕಾರರು ಕಾಲು ಚಾಚಿದರು. ತಗಡಿನ ಸೊಂಡಿಲು ಕಳಚಿಬಿತ್ತು. ಗಾಳಿಯೆಲ್ಲ ಅವರ ಪಾದಕ್ಕೆ ನುಗ್ಗಿತು. ಅವರು ಎರಡೂ ಕಾಲನ್ನು ಸೀಟಿನ ಮೇಲೆ ಎಳೆದುಕೊಂಡು ಲಾರಿ ನಿಲ್ಲಿಸು ಎಂದರು. ಕಳಚಿದ ಕೊಳವೆಯನ್ನು ಬೆರಳಿಂದ ಸವರುತ್ತ ಅದರ ಇನ್ನೊಂದು ತುದಿಗೆ ಹೋದರು.

“ಎಂಜಿನ್ ತಂಪು ಮಾಡೋ ಪೆಟಗಿ ನಳ ನಿನ್ನ ಕಾಲಿಗ್ಯಾಕ ಬಂದದಲೇ?”

ಗಡಿಗೆಪ್ಪ ರಸ್ತೆಗಿಳಿದು ನಿಂತು ಎಲ್ಲ ಹೇಳಿದ. ಗಡಿಗೆ ಒಡೆದದ್ದು ಕಾಲಿನ ದೆಸೆಯಿಂದ ಎಂಬುದನ್ನೂ ಬಿಡಲಿಲ್ಲ. ಕೊನೆಗೆ ಲಾರಿಯ ಕೀಲಿ ತೆಗೆದು ಅವರ ಮುಂದೆ ಹಿಡಿದ.

ಸಾಹುಕಾರರು ನನ್ನ ಕಡೆ ತಿರುಗಿದರು. “ಬಸವಣ್ಣನ ಮುಂದ ಕುಂತು ಇಬ್ರೂ ಸುಳ್ಳು ಹೇಳಿದ್ರಿ.”

“ಸುಳ್ಳಲ್ಲರೀ. ಎಂಜಿನ್ ಮುಟ್ಟಿ ನೋಡ್ರಿ” ಎಂದೆ. ಸಿಟ್ಟು ನನಗೂ ನೆತ್ತಿಗೇರಿತ್ತು. “ಈ ಪೆಟಗಿ ಚಳಿಗಾಲದಾಗ ಅವನ ಕಾಲು ನಡಸ್ಯಾದ, ಬ್ಯಾಸಗ್ಯಾಗ ನಿಮ್ಮ ಲಾರಿ ನಡಸ್ಯಾದ. ಮೈ ಸುಟ್ಕೊಂಡಾಂವ ನಾನು.”

ಅವರು ಕೀಲಿ ತೆಗೆದುಕೊಳ್ಳಲಿಲ್ಲ. ಲಾರಿ ಹತ್ತಿ, ಪಟಕ್ಕೆ ಕೈ ಮುಗಿದು, ಮೊಳೆಯಿಂದ ಬಿಡಿಸಿ ತೊಡೆಯ ಮೇಲೆ ಇಟ್ಟುಕೊಂಡರು. “ನಾಳಿಂದ ದೇವರು ಗಿರಣ್ಯಾಗ ಇರ್ತಾನ. ನೀ ಬೂಟು ಹಾಕ್ಕೊಂಡು ಹೊಡಿ. ನಡಿ, ಭತ್ತ ಬಿಸಲಿಗೆ ಒಣಗಿ ತೂಕ ಇಳಿಯಾಕತ್ಯಾದ.”

ಮುಂದಿನ ಚಳಿ ಶುರುವಾದಾಗ ನಾನು ನಟ್ಟು ಬಿಚ್ಚುವ ಪಾನಾ ಹಿಡಿದು ಹೀಟರು ಬಿಚ್ಚಲು ಹೋದೆ. ಪೀಡೆ ತೊಲಗಲಿ ಎಂದು ಮನಸ್ಸು ಹಗುರವಾಗಿತ್ತು. ಗಡಿಗೆಪ್ಪ ಎಣ್ಣೆ ಹಚ್ಚಿದ ಬೂಟು ಹಾಕಿಕೊಂಡು ಬಂದ. ಮೆಟ್ಟಿಲ ಮೇಲೆ ಒಂದು ಕಾಲಿಟ್ಟ. ಒಳಗೆ ತಗಡಿನ ಮೇಲೆ ಪಟ ಇದ್ದ ಜಾಗ ಚೌಕಾಗಿ ಬೆಳ್ಳಗೆ ಉಳಿದಿತ್ತು. ಅದನ್ನು ನೋಡುತ್ತ ನಿಂತ. ಆಮೇಲೆ ಕಾಲಿಳಿಸಿ, ಲೇಸು ಬಿಚ್ಚಿ, ಬೂಟುಗಳನ್ನು ಗಾಲಿಯ ಪಕ್ಕ ಜೋಡಿಸಿಟ್ಟ.

“ಏನಾತೋ ಈಗ?”

“ಪಟ ತಗದ್ರ ದೇವರ ಜಾಗ ಹೋಕ್ಕದೇನಣ್ಣಾ? ನನಗಾಗಂಗಿಲ್ಲ. ನೀ ಆ ಸೊಂಡ್ಲ ಬಿಗಿ ಮಾಡಿಕೊಡು, ಗಾಳಿ ಸೋರ್ತದ.”

ಪಾನಾವನ್ನು ಅವನ ತಲೆಗೆ ಎಸೆಯಬೇಕೆನ್ನಿಸಿತು. ಬೈಯುತ್ತಲೇ ಮೆಟ್ಟು ಬಿಟ್ಟು ಒಳಗೆ ಹತ್ತಿದೆ.