ಅವಳ ತಟ್ಟೆಯ ಜೀವಕೋಶಗಳು

ಎರಡು ವರ್ಷ ನಾನು ಓಕ್ಲ್ಯಾಂಡಿನ ಒಂದು ಲ್ಯಾಬಿನಲ್ಲಿ ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದೆ. ಕ್ಯಾನ್ಸರ್ ಗಡ್ಡೆಯ ಜೀವಕೋಶದ ಮೈಮೇಲೆ ರಿಸೆಪ್ಟರ್ ಎಂಬ ಪ್ರೋಟೀನು ಇರುತ್ತದೆ. ಅದಕ್ಕೆ ಸಂಕೇತ ಸಿಕ್ಕಾಗ ಗಡ್ಡೆ ಹೊರಬಿಡುವ ದ್ರವ, ರಕ್ತನಾಳದ ಜೀವಕೋಶಗಳನ್ನು ತನ್ನತ್ತ ಸೆಳೆಯುತ್ತದೆಯೇ? ಜೀವಕೋಶ ಬೆಳೆಸುವ ನನ್ನ ತಟ್ಟೆಗಳಲ್ಲಿ ಆ ನಾಳದ ಕೋಶಗಳು ಒಂದು ವಾರ ಚಲಿಸುತ್ತಿದ್ದವು, ಮರುವಾರ ಇದ್ದಲ್ಲೇ ಇರುತ್ತಿದ್ದವು.

ಆಮೇಲೆ ಮೈಸೂರಿನ ಹುಡುಗಿಯೊಬ್ಬಳು ಬಂದು ಸೇರಿದಳು, ನನಗಿಂತ ಆರು ವರ್ಷ ಚಿಕ್ಕವಳು. ಜೀವಕೋಶ ಬೆಳೆಸುವುದನ್ನು ನಾನೇ ಕಲಿಸಿದೆ. ನಾಲ್ಕೇ ತಿಂಗಳಲ್ಲಿ ಅವಳು ಮೀಟಿಂಗಿನಲ್ಲಿ ಚಿತ್ರ ತೋರಿಸಿದಳು. ಔಷಧಿ ಹಾಕಿ ಗಡ್ಡೆಯ ರಿಸೆಪ್ಟರನ್ನು ತಡೆದ ಕಡೆ ನಾಳದ ಕೋಶಗಳು ಕದಲಿರಲಿಲ್ಲ. ತಡೆಯದ ಕಡೆ, ಗಡ್ಡೆಯ ದ್ರವಕ್ಕೂ ತಮಗೂ ನಡುವೆ ಇಟ್ಟ ತೆಳು ಪೊರೆಯ ರಂಧ್ರಗಳನ್ನು ದಾಟಿ ಕಿಕ್ಕಿರಿದಿದ್ದವು. ನಮ್ಮ ಬಾಸು ಕುರ್ಚಿಯಿಂದೆದ್ದು ಪರದೆಯ ಹತ್ತಿರ ಹೋದರು. ನನ್ನ ಚಿತ್ರಗಳಿಗೆ ಅವರು ಎಂದೂ ಎದ್ದಿರಲಿಲ್ಲ.

ಆಗಲೇ ನನಗೊಂದು ದೋಷ ಕಂಡಿತು. ಗಡ್ಡೆಯ ದ್ರವದಲ್ಲಿ ಉಳಿದ ಔಷಧಿಯೇ ನಾಳದ ಕೋಶಗಳನ್ನು ನೇರವಾಗಿ ತಡೆದಿರಬಹುದಲ್ಲ? ಹೇಳಲಿಲ್ಲ. ಯಾರಾದರೂ ಎಲ್ಲರೆದುರು ಕೇಳಲಿ, ಅವಳ ಮುಖ ಬಾಡಲಿ ಎಂದು ಒಂಬತ್ತು ದಿನ ಕಾದೆ.

ಹತ್ತನೆಯ ದಿನ ಸಂಜೆ, ಮಿಲ್ಪಿಟಾಸಿನ ಮನೆಗೆ ಮರಳುವ ಟ್ರೇನಿನಲ್ಲಿ ಅವಳು ಪಕ್ಕದಲ್ಲೇ ಕೂತಳು.

"ಅಕ್ಕಾ, ಕಾನ್ಫರೆನ್ಸಲ್ಲಿ ನಾನೇ ಮಾತಾಡ್ಬೇಕಂತೆ. ಸ್ಲೈಡಲ್ಲಿ ನಿಮ್ಮ ಹೆಸ್ರು ಮೊದ್ಲು ಹಾಕಿದೀನಿ. ನೀವು ಕಲಿಸಿದ್ದಲ್ವಾ."

ಅವಳ ಒಳ್ಳೆಯತನಕ್ಕೂ ನನ್ನ ಹೊಟ್ಟೆ ಉರಿಯಿತು. ಆದರೂ ಬಾಯಿ ಬಿಟ್ಟೆ. "ದ್ರವದಲ್ಲಿ ಡ್ರಗ್ಗು ಉಳಿದಿಲ್ಲ ಅಂತ ಹೇಗೆ ಗೊತ್ತು?"

ಅವಳ ಮುಖ ಬಾಡಿಯೇ ಬಿಟ್ಟಿತು. ನಾನು ಕಿಟಕಿಯತ್ತ ತಿರುಗಿದೆ.

"ಇದು ನಿಮಗೆ ಯಾವಾಗ ಹೊಳೀತು?"

"ಮೀಟಿಂಗಿನ ದಿನಾನೇ."

ಅವಳು ಲ್ಯಾಪ್‌ಟಾಪ್ ತೆರೆದು, ಎರಡು ಸ್ಟೇಷನ್ ಕಳೆಯುವವರೆಗೆ ತನ್ನ ಸ್ಲೈಡುಗಳನ್ನು ತಿರುವಿ ನೋಡಿದಳು. ಆಮೇಲೆ, "ರಿಸೆಪ್ಟರ್ ಜೀನೇ ತೆಗೆದಿರೋ ಗಡ್ಡೆ ಸೆಲ್ಸು ನಿಮ್ಮತ್ರ ಇದೆಯಲ್ಲ, ಕೊಡ್ತೀರಾ?" ಎಂದಳು.

ಕೊಟ್ಟೆ. ಔಷಧಿಯೇ ಇಲ್ಲದ ಆ ಪ್ರಯೋಗವನ್ನು ಇಬ್ಬರೂ ಸೇರಿ ಮೂರು ಸಲ ಮಾಡಿದೆವು. ಮೈಕ್ರೋಸ್ಕೋಪಿಗೆ ಮೊದಲು ಕಣ್ಣಿಟ್ಟವಳು ನಾನು. ರಿಸೆಪ್ಟರ್ ಇಲ್ಲದ ಕಡೆ ಪೊರೆ ಬಹುತೇಕ ಖಾಲಿ. ಅವಳು ಹೇಳಿದ್ದೇ ಸರಿಯಾಗಿತ್ತು. ತಪ್ಪಾಗಲಿ ಎಂದು ಆ ಕ್ಷಣದವರೆಗೂ ನಾನು ಬಯಸುತ್ತಿದ್ದೆನೆಂಬುದು ಆಗ ನನಗೇ ತಿಳಿಯಿತು.

"ನೀನು ಹೇಳಿದ್ದೇ ಬಂದಿದೆ. ನೀನೇ ನೋಡು" ಎಂದು ಜಾಗ ಬಿಟ್ಟೆ.

ಕಾನ್ಫರೆನ್ಸಿನಲ್ಲಿ ಹಿರಿಯ ವಿಜ್ಞಾನಿಯೊಬ್ಬರು ಅದೇ ಪ್ರಶ್ನೆ ಕೇಳಿದರು. ಅವಳು ತಡವರಿಸದೆ ಹೊಸ ಚಿತ್ರ ತೆರೆದಳು. ಸಭೆ ಮುಗಿದ ಮೇಲೆ ಜನ ಅವಳ ಸುತ್ತ ನೆರೆದರು. ನಾನು ಕಾಫಿಗೆ ಕ್ಯೂ ನಿಂತೆ. ಈಗ ಅವಳಿಗೆ ಸ್ವಂತ ಲ್ಯಾಬಿದೆ. ಅವಳ ಸಂಶೋಧನಾ ಲೇಖನ ಪ್ರಕಟವಾದ ದಿನ ನಾನು ಅದನ್ನು ಬಿಟ್ಟು ಬೇರೇನೂ ಓದುವುದಿಲ್ಲ.