ತಂಬಿಗೆಗೆ ಹೊಲಿದ ಕುಲಾವಿ

ನನಗೆ ಹೊಲಿಗೆ ಚೆನ್ನಾಗಿ ಬರುತ್ತದೆ. ಈ ಮಾತನ್ನು ಬೇರೆಯವರು ಹೇಳಲಿ ಎಂದು ಬಹಳ ದಿನ ಕಾದೆ; ಯಾರೂ ಬಾಯಿ ಬಿಡದ ಕಾರಣ ನಾನೇ ಹೇಳುತ್ತಿದ್ದೇನೆ. ಸಿಂದಗಿಯ ನಮ್ಮ ಪಡಸಾಲೆಯಲ್ಲಿ ಕೈಮಷಿನ್ನಿನ ಮುಂದೆ ಕೂತೆನೆಂದರೆ ದಿಂಬಿನ ಚೀಲ, ಕಿಟಕಿಯ ಪರದೆ, ಯಜಮಾನರ ಪಾಯಜಾಮ, ಯಾವುದೂ ನನ್ನ ಕೈಯಿಂದ ತಪ್ಪಿಸಿಕೊಂಡದ್ದಿಲ್ಲ. ತಪ್ಪಿಸಿಕೊಂಡವರು ಒಬ್ಬರೇ, ನಮ್ಮ ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ.

ಅವರ ಮದುವೆಗೆ ಖಣದ ಕುಪ್ಪಸ ಹೊಲಿದುಕೊಟ್ಟವಳು ನಾನು. ಅಳತೆ ಕೇಳಲಿಲ್ಲ. ನನ್ನಷ್ಟೇ ಮೈಕಟ್ಟು, ಕಣ್ಣಳತೆ ಸಾಕು ಎಂದು ಕತ್ತರಿ ಆಡಿಸಿದೆ. ಅಚ್ಚುಕಟ್ಟಾಗಿ ಕಾಣಲೆಂದು ಕಂಕುಳಲ್ಲಿ ಒಂದು ಬೆರಳು ಹೆಚ್ಚೇ ಒಳಗೆ ಹಿಡಿದೆ. ಮದುವೆಯ ದಿನ ವೈನಿ ಮಾಲೆ ಹಾಕಲು ಹೋದರು, ಕೈ ಎದೆಯಿಂದ ಮೇಲೆ ಏಳಲೇ ಇಲ್ಲ. ಕೊನೆಗೆ ಅಣ್ಣನೇ ಸೊಂಟ ಬಗ್ಗಿಸಿ ಮಾಲೆಯೊಳಗೆ ತಲೆ ತೂರಿಸಿದ. “ಈಗಿಂದನ ಬಗ್ಗಾಕತ್ತಾನ ನೋಡ್ರಿ,” ಎಂದು ಮಂದಿ ನಕ್ಕರು. ವೈನಿ ನಗಲಿಲ್ಲ. ಆಮೇಲೆ ನಾನು ಏನು ಹೊಲಿದು ಕಳಿಸಿದರೂ “ಭಾಳ ಛಂದ ಐತಿ” ಎಂದು ಹೊಗಳಿ ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತಿದ್ದರು.

ತಪ್ಪು ನನ್ನದಲ್ಲ, ಹೊಲಿಗೆ ಎಂಬ ವಿದ್ಯೆಯದೇ ಎಂದು ನಾನು ಇವತ್ತಿಗೂ ವಾದಿಸಬಲ್ಲೆ. ಸೀರೆ, ಧೋತರ, ತಲೆಗೆ ಸುತ್ತುವ ಪಟಕಾ ಬಿಗಿಯಾದವೆಂದು ಯಾರಾದರೂ ದೂರಿದ್ದುಂಟೆ? ಮೈ ಬಂದರೆ ಎರಡು ನಿರಿಗೆ ಕಡಿಮೆ, ಅಷ್ಟೆ. ಜಗಳ ಶುರುವಾದದ್ದು ಸೂಜಿ ಬಂದ ಮೇಲೆ. ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ಇತಿಹಾಸ ಹೇಳುವವರು. ಇಂಡಿ ಊರಿನ ಕಡೆ ಹೋದಾಗಲೆಲ್ಲ ಸಾಲೋಟಗಿಯ ಶಾಸನದ ಸುದ್ದಿ ತೆಗೆಯುತ್ತಾರೆ. ಓದುವ ಹುಡುಗರಿಗಾಗಿ ಭೂಮಿ ದಾನ ಕೊಟ್ಟದ್ದನ್ನು ಅಲ್ಲಿ ಕಲ್ಲಿನಲ್ಲಿ ಕೊರೆದಿದ್ದಾರಂತೆ. ಆ ಹುಡುಗರಿಗೆ ಅಂಗಿ ಹೊಲಿದವರ ಹೆಸರು ಇದೆಯೇ ಎಂದು ಕೇಳಿದೆ. ಇಲ್ಲ ಎಂದರು. ಹಾಗಾದರೆ ಎಲ್ಲರೂ ಪಂಚೆ ಸುತ್ತಿಕೊಂಡೇ ಓದಿದ್ದಾರೆ ಎಂದೆ. ಹೊಲಿದಿದ್ದರೆ ಬಿಗಿಯಾಯಿತೆಂಬ ತಕರಾರೂ ಕಲ್ಲಿನ ಮೇಲೆ ಇರುತ್ತಿತ್ತು.

ಇರಲಿ. ವೈನಿ ತಮ್ಮ ತವರು ಮುದ್ದೇಬಿಹಾಳದಲ್ಲಿ ಗಂಡು ಹಡೆದರು. ನಮ್ಮಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಅದರ ತಲೆಗೆ ಕುಲಾವಿ, ಅಂದರೆ ಟೊಪ್ಪಿಗೆ ತರುವುದು, ಕಿವಿಯಲ್ಲಿ ಹೆಸರು ಹೇಳುವುದು, ಹೇಳಿದ ತಪ್ಪಿಗೆ ಹೆಂಗಸರಿಂದ ಬೆನ್ನಿಗೆ ಗುದ್ದು ತಿನ್ನುವುದು, ಇವೆಲ್ಲ ಸೋದರತ್ತೆಯ ಹಕ್ಕು. ಗುದ್ದು ಬೀಳಲಿ, ಚಿಂತೆಯಿಲ್ಲ. ನನ್ನ ಹಟ ಒಂದೇ: ಈ ಕುಲಾವಿ ಟ್ರಂಕಿಗೆ ಹೋಗಬಾರದು, ಕೂಸಿನ ತಲೆಯ ಮೇಲೆ ಇರಬೇಕು.

ಆಗ ಎಲಾಸ್ಟಿಕ್ ನಮ್ಮೂರ ಅಂಗಡಿಗೆ ಹೊಸದಾಗಿ ಬಂದಿತ್ತು. ಗಲ್ಲದಡಿ ಕಟ್ಟುವ ಲಾಡಿಯ ಕಾಲ ಮುಗಿಯಿತು ಎಂದು ಮನೆಯಲ್ಲಿ ಸಾರಿದೆ. ಬನಿಯನ್ನಿನ ಹಿಗ್ಗುವ ಬಟ್ಟೆ ಕತ್ತರಿಸಿ, ಎಲಾಸ್ಟಿಕ್ ಪಟ್ಟಿಯನ್ನು ಉದ್ದಕ್ಕೆ ಎರಡಾಗಿ ಮಡಚಿ, ಬಟ್ಟೆಯ ಅಂಚನ್ನು ಅದರ ನಡುವೆ ಸಿಕ್ಕಿಸಿ ಹೊಲಿದೆ. ಮೊದಲ ಸಲ ಬಟ್ಟೆಯನ್ನು ಎಳೆದುಬಿಟ್ಟೆ. ಅಂಚು ಸುಟ್ಟ ಹಪ್ಪಳದ ಹಾಗೆ ಸೊಟ್ಟಾಯಿತು. ಎರಡನೆಯ ಸಲ ಬಟ್ಟೆಯನ್ನು ಅದರ ಪಾಡಿಗೆ ಬಿಟ್ಟು ಪಟ್ಟಿಯನ್ನು ಎಳೆದೆ. ನನ್ನ ಸ್ವಭಾವ ಗೊತ್ತಲ್ಲ, ಎಳೆದೆನೆಂದರೆ ಎಳೆದೇ ಎಳೆದೆ. ಕೂಸಿನ ತಲೆ ಕೈಗೆ ಸಿಗುವಂತಿರಲಿಲ್ಲ, ಹಿತ್ತಾಳೆ ತಂಬಿಗೆಯನ್ನು ಬೋರಲು ಹಾಕಿ ತೊಡಿಸಿದೆ. ಎತ್ತಿ ಜಾಡಿಸಿದರೂ ಬೀಳಲಿಲ್ಲ.

ಈ ವಿಜಯವನ್ನು ತಂಬಿಗೆಯ ಸಮೇತ ನಮ್ಮ ಓಣಿಯ ಹಿರಿಯ ದರ್ಜಿ ಹುಸೇನಸಾಬರಿಗೆ ತೋರಿಸಲು ಹೋದೆ. ಅವರು ಪಟ್ಟಿಯ ಕೆಳಗೆ ಬೆರಳು ತೂರಿಸಲು ನೋಡಿದರು, ಹೋಗಲಿಲ್ಲ.

“ತಂಬಿಗಿ ಅಳಂಗಿಲ್ರಿ ಅಕ್ಕಾರ,” ಎಂದರು.

“ಮತ್ತ ಸಡ್ಲಾಗಿ ಬಿದ್ರ?” ಎಂದೆ.

“ಬಿದ್ರ ಎತ್ತಿ ಹಾಕ್ತಾರ. ಬಿಗಿ ಆದ್ರ ತಗದ ಇಡ್ತಾರ.”

ನನಗೆ ಟ್ರಂಕಿನ ಬೀಗ ಕಣ್ಣೆದುರು ಬಂತು. ನಿಜ ಹೇಳುತ್ತೇನೆ, ಬಹಳ ನೊಂದೆ. ಹುಸೇನಸಾಬರು ಪಟ್ಟಿಯದೊಂದು ತುಂಡಿನ ತುದಿಗಳನ್ನು ಕೂಡಿಸಿ ಬಳೆ ಮಾಡಿಕೊಟ್ಟರು. “ಇದನ್ನ ಕೈಗೆ ಹಾಕ್ಕೊಂಡ ರೊಟ್ಟಿ ಬಡೀರಿ. ಮರತ್ರ ಸರಿ ಐತಿ. ನೆನಪಾತಂದ್ರ ಬಿಗಿ ಐತಿ, ಬಿಚ್ಚಿ ಸಡ್ಲ ಮಾಡ್ರಿ,” ಎಂದರು.

ಮೊದಲ ದಿನ ಮೂರನೆಯ ರೊಟ್ಟಿಗೇ ನೆನಪಾಯಿತು. ಬಿಚ್ಚಿ ಸಡಿಲಿಸಿದೆ. ಮರುದಿನ ಎಂಟನೆಯದಕ್ಕೆ. ಮತ್ತೆ ಬಿಚ್ಚಿದೆ. ಮೂರನೆಯ ದಿನ ರೊಟ್ಟಿ ಬಡಿದು, ಉಂಡು, ಪಾತ್ರೆ ತಿಕ್ಕಿ, ಕಾಳು ಹಸನು ಮಾಡುತ್ತ ಕೂತಾಗ ಯಜಮಾನರು ಕೈಗೇನು ಕಟ್ಟಿಕೊಂಡಿದ್ದೀ ಎಂದು ಕೇಳಿದರು. ಕೂಡಲೇ ಎದ್ದು ಅದೇ ಹದದಲ್ಲಿ ಮೂರನೆಯ ಕುಲಾವಿ ಹೊಲಿದೆ.

ಮುದ್ದೇಬಿಹಾಳದಲ್ಲಿ ಎಲ್ಲ ಪದ್ಧತಿಯಂತೆ ನಡೆಯಿತು. ಕುಲಾವಿ ತೊಡಿಸಿ, ತೊಟ್ಟಿಲ ಮೇಲೆ ಬಗ್ಗಿ ಹೆಸರು ಹೇಳಿದೆ. ಗುದ್ದುಗಳು ಬಿದ್ದವು. ಅವುಗಳಲ್ಲಿ ವೈನಿಯದು ಯಾವುದೆಂದು ತಿರುಗಿ ನೋಡದೆಯೇ ಗೊತ್ತಾಯಿತು. ಬೇರೆಯವರು ಹೊಲಿದ ಕುಪ್ಪಸದಲ್ಲಿ ಅವರ ಕೈ ಬಹಳ ಸಲೀಸಾಗಿ ಮೇಲೇಳುತ್ತಿತ್ತು. ಆಮೇಲೆ ಅವರು ಕುಲಾವಿ ನೋಡಿ “ಭಾಳ ಛಂದ ಐತಿ” ಎಂದರು. ಟ್ರಂಕನ್ನು ಅವರು ತವರಿಗೂ ತಂದಿದ್ದರು; ನಾನು ಒಳಗೆ ಇಣುಕಿ ಅದರ ಬೀಗ ನೋಡಿ ಬಂದೆ.

ಮರುದಿನ ಬೆಳಿಗ್ಗೆ ವೈನಿಯ ತಾಯಿ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಬಸವನ ಬಾಗೇವಾಡಿಯಿಂದ ಬಂದ ಬೀಗರ ಸುದ್ದಿ ಹೇಳುತ್ತ ಹೇಳುತ್ತ ಅಂಗೈ ತುಂಬ ಎಣ್ಣೆ ಸುರಿದುಕೊಂಡು ನೆತ್ತಿಗೆ ಒತ್ತಿದರು. ಒತ್ತಿದ್ದು ಕುಲಾವಿಯ ಮೇಲೆ.

“ಅಯ್ಯ, ನಿನ್ನೆಯಿಂದ ತಲಿ ಮ್ಯಾಲ ಐತಿ, ನಮಗ ಯಾರಿಗೂ ನೆನಪ ಇಲ್ಲ ನೋಡವಾ,” ಎಂದರು.

ವೈನಿ ಕುಲಾವಿ ತೆಗೆದು ಕೂಸಿನ ಹಣೆಯ ಮೇಲೆ ಬೆರಳಾಡಿಸಿದರು. “ಗೆರಿ ಬಿದ್ದಿಲ್ಲ,” ಎಂದರು. ನನ್ನ ಮೂರು ದಿನದ ದುಡಿಮೆ ಎಣ್ಣೆಯಲ್ಲಿ ತೊಯ್ದುಹೋಗಿತ್ತು, ನನಗೆ ಸಂತೋಷದಿಂದ ಕಣ್ಣು ತುಂಬಿ ಬಂತು. ಮರತ್ರ ಸರಿ ಐತಿ.

ವೈನಿ ಒಳಗೆ ಹೋದರು. ಟ್ರಂಕಿನ ಬೀಗ ತೆಗೆದ ಸಪ್ಪಳವಾಯಿತು. ಹೊರಗೆ ಬಂದಾಗ ಕೈಯಲ್ಲಿ ಮದುವೆಯ ಕುಪ್ಪಸ. “ಇದರ ಕಂಕಳಾನೂ ಬಿಚ್ಚಿ ಸಡ್ಲ ಮಾಡಿ ಕೊಡ ಕಮಲಾ. ಹಾಕ್ಕೋಬೇಕಂತ ನನಗೂ ಆಸೆ ಐತಿ,” ಎಂದರು.

ಸಿಂದಗಿಗೆ ತಂದು ಬಿಚ್ಚಿ, ಕಂಕುಳಿಗೆ ತುಂಡು ಕೂಡಿಸಿ ಹೊಲಿದೆ. ಕಣ್ಣಳತೆಯಲ್ಲಿ ಸರಿಯಾಗಿಯೇ ಕಂಡಿತು. ನನ್ನ ಕಣ್ಣನ್ನು ನಾನು ಈಗಲೂ ನಂಬುತ್ತೇನೆ. ಆದರೂ ಕಳಿಸುವ ಮೊದಲು ಅದನ್ನು ನಾನೇ ತೊಟ್ಟುಕೊಂಡು ಇಪ್ಪತ್ತು ರೊಟ್ಟಿ ಬಡಿದೆ.